ಉಬ್ಬಿದ ಬಾಗ್ಲಾ, ಕೀಲಿ ಹಾಕಿದ ಬಾಗ್ಲಾ

ಮಳಿಗಾಲ ಸುರು ಆತಂದ್ರ ನಮ್ಮನಿ ಬಚ್ಚಲ ಬಾಗ್ಲಾ ಉಬ್ಬತದ. ಧಾರವಾಡದ ಜಿಟಿಜಿಟಿ ಮಳಿ ಎಂಟ ದಿವಸ ಹಿಡೀತಂದ್ರ ಒಳಗಿದ್ದವರು ಒಳಗ, ಹೊರಗಿದ್ದವರು ಹೊರಗ. ಆದ್ರ ಮನಿ ಮಂದಿಗೆ ಅದರ ಗುಟ್ಟ ಗೊತ್ತದ. ಕೆಳಗಿನ ಮೂಲಿಗೆ ಕಾಲಿಂದ ಒಂದ ಸಣ್ಣ ಒದಿಕಿ, ಮ್ಯಾಲೆ ಭುಜದಿಂದ ಒಂದ ದೂಡು, ಸೀದಾ ತಗೀತದ. ಹೋದ ವರ್ಷ ಬಂದ ಬೀಗರೊಬ್ಬರು ಇದನ್ನ ನೋಡಿ ಅಟ್ಟದ ಕೋಲಿ ಬಾಗ್ಲಕ್ಕೂ ಹಂಗ ಮಾಡಿದ್ರು. ಅದು ಉಬ್ಬಿರಲಿಲ್ಲ, ಕೀಲಿ ಹಾಕಿತ್ತು. ಬಾಗ್ಲಾ ತಗೀಲಿಲ್ಲ, ಚೌಕಟ್ಟ ಸೀಳತು. ಇನ್ನೂ ಹಂಗ ಅದ.

ಈ ಮಾತ ಯಾಕ ತಗದೆ ಅಂದ್ರ, ನಮ್ಮ ಸಣ್ಣ ಮಗನ ಮ್ಯಾಕ್ ಲ್ಯಾಪ್‌ಟಾಪಿನ್ಯಾಗ ವಿಂಡೋಸ್ ಆಟ ಆಡಸಲಿಕ್ಕೆ ಹೋಗಿ ನಾವು ತಾಯಿ-ಮಗಾ ಆರ ತಿಂಗಳ ಪಟ್ಟ ಪಾಡೂ ಇದ. ನನ್ನ ಅಭಿಪ್ರಾಯ ಏನು ಅನ್ನೋದನ್ನ ಮೊದಲ ಹೇಳಿ ಬಿಡ್ತೇನಿ. ಆಟ ನಡೀವಲ್ತು ಅಂದ ಕೂಡ್ಲೆ 'ಇದನ್ನ ಹೆಂಗ ರಿಪೇರಿ ಮಾಡೋದು' ಅಂತ ಸುರು ಮಾಡಬ್ಯಾಡ್ರಿ. 'ಇದು ಉಬ್ಬಿದ ಬಾಗ್ಲೋ, ಕೀಲಿ ಹಾಕಿದ ಬಾಗ್ಲೋ' ಅಂತ ಮೊದಲ ನೋಡ್ರಿ. ಉಬ್ಬಿದ್ರ ತಾಳ್ಮಿಯಿಂದ ದೂಡ್ರಿ, ತಗೀತದ. ಕೀಲಿ ಹಾಕಿದ್ರ 'ಆಗಂಗಿಲ್ಲೋ ಮರಿ' ಅಂತ ಹುಡುಗರಿಗೆ ಅವತ್ತ ಹೇಳಿ ಬಿಡ್ರಿ. ನಾ ಹೇಳ್ಲಿಲ್ಲ, ಅದರ ಫಲ ಮುಂದ ಹೇಳ್ತೇನಿ.

'ಆಟದ ಸಲುವಾಗಿ ಇಷ್ಟ್ಯಾಕ ಒದ್ದಾಡಬೇಕು' ಅಂತ ನಿಮಗ ಅನಸಬಹುದು. ನಂಗೂ ಅನಸಿತ್ತು. ದೊಡ್ಡಾಂವ ಜರ್ಮನಿಗೆ ಓದಲಿಕ್ಕೆ ಹೋಗಿ ಎರಡ ವರ್ಷ ಆತು. ನಮ್ಮ ಜೋಡಿ ಫೋನಿನ್ಯಾಗ ಮಾತಾಡೋದು 'ಊಟ ಆತೇನು, ಥಂಡಿ ಅದ ಏನು' ಇಷ್ಟ. ಆದ್ರ ಶನಿವಾರ ರಾತ್ರಿ ಒಂಬತ್ತೂವರಿಗೆ, ಅಲ್ಲೆ ಸಂಜಿ ಆಗಿರ್ತದ, ಅಣ್ಣಾ-ತಮ್ಮಾ ಕಿವಿಗೆ ಹೆಡ್‌ಫೋನ್ ಹಾಕ್ಕೊಂಡ ಆಟಕ್ಕ ಕೂತ್ರಂದ್ರ ನಡುನಡುವ ಎಲ್ಲಾ ಹೊರಗ ಬೀಳ್ತಿತ್ತು. ರೂಮಿನ ಬಾಡಿಗಿ ಏರೇದ, ಪ್ರೊಫೆಸರ್ ಬೈದಾರ, ತಮ್ಮಂಗ ಗಣಿತ ತಿಳೀವಲ್ತು, ಅಪ್ಪಾ ಡಾಕ್ಟರ್ ಕಡೆ ಹೋಗವಲ್ರು. ನಾ ಅಡಗಿ ಮನ್ಯಾಗ ಭಾಂಡಿ ಒರಸ್ಕೋತ ಕೇಳ್ತಿದ್ದೆ. ಈ ಮನಿ ಖರೇ ಸುದ್ದಿ ನಂಗ ಗೊತ್ತಾಗ್ತಿದ್ದದ್ದ ಹಂಗ.

ಸಣ್ಣಾಂವ ಡಿಸೈನ್ ಕಾಲೇಜ ಸೇರಿದಾ, ಅಲ್ಲಿಯ ಕೆಲಸಕ್ಕ ಅಂತ ಮ್ಯಾಕ್ ತಗೊಂಡ್ವಿ, ಮನ್ಯಾಗಿನ ಹಳೆ ವಿಂಡೋಸ್ ಡಬ್ಬಿ ಕೊಟ್ಟ ಬಿಟ್ವಿ. ಮೊದಲನೇ ಶನಿವಾರನ ಗೊತ್ತಾತು: ಅವರಿಬ್ಬರೂ ಆಡೋ ಆಟ ಮ್ಯಾಕಿಗೆ ಬಂದಿಲ್ಲ.

ಈಗ ಸ್ವಲ್ಪ ಒಳಗಿನ ವಿಷಯ ಹೇಳಬೇಕು. ನಂಗ ಇದೇನೂ ಗೊತ್ತಿರಲಿಲ್ಲ, ಮಗನ ಬಾಜೂಕ ಕೂತ ಕೂತ ಕಲ್ತದ್ದು. ವಿಂಡೋಸ್‌ನ ಪ್ರೋಗ್ರಾಮಿಗೆ ವಿಂಡೋಸ್ ಭಾಷಾ ಅಷ್ಟ ಬರ್ತದ. 'ಈ ಫೈಲ್ ತಗಿ, ಇಲ್ಲೊಂದ ಚಿತ್ರಾ ಬಿಡಸು, ಇಷ್ಟ ಸಪ್ಪಳ ಮಾಡು' ಅಂತ ಅದು ತನ್ನ ಭಾಷಾದಾಗ ಕೇಳ್ತದ. ಅದನ್ನ ಮ್ಯಾಕಿಗೆ ತಿಳಿಯೋ ಹಂಗ ಹೇಳೋ ದುಭಾಷಿಗೆ ವೈನ್ ಅಂತಾರ. ಕುಡಿಯೋ ವೈನ್ ಅಲ್ಲ. 1993ರಾಗ ಸುರು ಆದ ಕೆಲಸ, ಜಗತ್ತಿನ ತುಂಬ ಮಂದಿ ಕೂಡಿ ಕಟ್ಟಿದ್ದು, ರೊಕ್ಕಾ ಇಲ್ಲದ ಸಿಗ್ತದ. ಅವರ 1.0 ಆವೃತ್ತಿ ಬರಲಿಕ್ಕೆ 2008 ಆತು, ಹದಿನೈದ ವರ್ಷ! ಅದರೊಳಗ ವಿಂಡೋಸ್ ಇರಂಗಿಲ್ಲ, ವಿಂಡೋಸ್ ಹಂಗ ಉತ್ತರ ಕೊಡೋ ಜಾಣತನ ಅಷ್ಟ ಇರ್ತದ. ಇದನ್ನ ಚಂದಾಗಿ ಕಟ್ಟಿ, ನೆಲಿ ನಿಲ್ಲಿಸಿ ರೊಕ್ಕಕ್ಕ ಮಾರೋದು ಕ್ರಾಸ್‌ಓವರ್. ಅದನ್ನ ಮಾಡೋ ಕೋಡ್‌ವೀವರ್ಸ್ ಮಂದಿ ವೈನಿಗೂ ಭಾಳ ಕೆಲಸ ಮಾಡಿ ಕೊಡ್ತಾರ.

ಹೊಸಾ ಮ್ಯಾಕಿನ್ಯಾಗ ದುಭಾಷಿ ಒಬ್ಬನ ಇರಂಗಿಲ್ಲ, ಮೂರ ಮಂದಿ ಇರ್ತಾರ. 2020ರಿಂದ ಆ್ಯಪಲ್ ತನ್ನವ ಚಿಪ್ ಹಾಕ್ಲಿಕ್ಕೆ ಹತ್ತೇದ. ಆಟ ಬರದದ್ದು ಇಂಟೆಲ್ ನಮೂನಿ ಚಿಪ್ಪಿಗೆ. ಆ ಮಾತ ತಿರಗಸೋದು ರೊಸೆಟ್ಟಾ. ವಿಂಡೋಸ್ ಮಾತ ತಿರಗಸೋದು ವೈನ್. ಇನ್ನ ಚಿತ್ರದ ಭಾಷಾ, ವಿಂಡೋಸ್‌ದಾಗ ಡೈರೆಕ್ಟ್‌ಎಕ್ಸ್ ಅಂತಾರ, ಅದನ್ನ ಮ್ಯಾಕಿನ ಮೆಟಲ್‌ಗೆ ತಿರಗಸಲಿಕ್ಕೆ ಡಿ3ಡಿಮೆಟಲ್ ಅಂತ ಒಂದದ. ಆ್ಯಪಲ್‌ನವರು 2023ರಾಗ ಗೇಮ್ ಪೋರ್ಟಿಂಗ್ ಟೂಲ್‌ಕಿಟ್ ಜೋಡಿ ಅದನ್ನ ಹೊರಗ ಬಿಟ್ರು. ಮೂವರ ಬಾಯಿ ದಾಟಿ ಬಂದ ಮಾತ ಎಲ್ಲೋ ಒಂದ ಕಡೆ ಸಿಕ್ಕೊಳ್ಳೋದು ಸಹಜ. ಅದ ಉಬ್ಬಿದ ಬಾಗ್ಲಾ.

ಇಂಥಾ ಬಾಗ್ಲಾ ನಾವು ಭಾಳ ದೂಡೇವಿ. ಅಣ್ಣಾ-ತಮ್ಮಾ ಈಗ ಆಡೋದು ಒಂದ ಕೋಟೆ ಕಟ್ಟಿ ಸೈನ್ಯಾ ಸಾಕೋ ಆಟ. ಅದೂ ವಿಂಡೋಸ್‌ದ. ಅದು ನಡೀಲಿಕ್ಕೆ ಏನೇನ ಆತು ಅಂತ ಬರೀತೇನಿ, ಯಾರಿಗರೇ ಉಪಯೋಗ ಆದೀತು.

ಮೊದಲನೇದು ಆಟಕ್ಕಿಂತ ಮುಂಚೆ ತಗಿಯೋ ಲಾಂಚರ್. ಬರೇ ಬಿಳಿ ಖಿಡಕಿ, ಅಕ್ಷರ ಇಲ್ಲ ಏನಿಲ್ಲ. ಆಟನ ಕೆಟ್ಟದ ಅಂತ ಮಗಾ ಹಣಿ ಬಡ್ಕೊಂಡಾ. ಆಟಕ್ಕ ಏನೂ ಆಗಿರಲಿಲ್ಲ. ಲಾಂಚರ್‌ಗಳು ಒಳಗ ಒಂದ ಸಣ್ಣ ಬ್ರೌಸರ್ ಇಟ್ಕೊಂಡಿರ್ತಾವ, ಅದಕ್ಕ ಗ್ರಾಫಿಕ್ಸ್ ಜೋಡಿ ಹೊಂದಾಣಿಕಿ ಆಗಿರಂಗಿಲ್ಲ. ಲಾಂಚರಿಗೆ ಅಷ್ಟ ಹಾರ್ಡ್‌ವೇರ್ ಆ್ಯಕ್ಸಿಲರೇಷನ್ ಬಂದ್ ಮಾಡಿದ್ವಿ, ಅಕ್ಷರ ಕಂಡ್ವು.

ಎರಡನೇದು 'ಇಂಥಾ ಡಿಎಲ್‌ಎಲ್ ಫೈಲ್ ಸಿಗವಲ್ತು' ಅನ್ನೋ ಪೆಟ್ಟಿಗಿ. ಆ ಫೈಲಿನ ಹೆಸರ ಹಾಕಿ ಹುಡುಕಿ, ಸಿಕ್ಕಲ್ಲಿಂದ ಇಳಿಸ್ಕೊಳ್ಳೋದು ಅಂದ್ರ ಸಂತ್ಯಾಗ ಬಿದ್ದ ಗುಳಿಗಿ ನುಂಗಿದಂಗ. ಭಾಳ ಸರ್ತಿ ಅದು ಮೈಕ್ರೋಸಾಫ್ಟ್‌ನ ವಿಷುವಲ್ ಸಿ++ ಕಟ್ಟಿನ ಭಾಗ ಇರ್ತದ. ಅವರ ಕಡೆಯಿಂದನ ಇಡೀ ಕಟ್ಟ ತಗೊಂಡ ಹಾಕ್ರಿ, ಇಲ್ಲಾ ಕ್ರಾಸ್‌ಓವರ್ ಒಳಗಿಂದನ ಹಾಕ್ರಿ.

ಮೂರನೇದು ಬಾಟಲಿ. ಕ್ರಾಸ್‌ಓವರ್‌ದಾಗ ಒಂದೊಂದ ಆಟಕ್ಕ ಒಂದೊಂದ ಪ್ರತ್ಯೇಕ ಜಗಾ ಮಾಡ್ತಾರ, ಅದರ ಹೆಸರ ಬಾಟಲ್. ಒಳಗ ಅದರದ ಒಂದ ಸಿ ಡ್ರೈವ್ ಇರ್ತದ. ಮಗಾ ಎಲ್ಲಾ ಆಟಾನೂ ಒಂದ ಬಾಟಲಿಗೆ ತುರುಕಿದ್ದಾ. ಒಂದಕ್ಕ ಅಂತ ಹಾಕಿದ್ದು ಇನ್ನೊಂದಕ್ಕ ಮುಳ್ಳಾತು. ಉಪ್ಪಿನಕಾಯಿ ಭರಣಿಗೆ ಯಾರರೇ ಹುಣಸಿಹಣ್ಣಿನ ಚಮಚಾ ಹಾಕ್ತಾರೇನ್ರಿ? ಬ್ಯಾರೆ ಬ್ಯಾರೆ ಬಾಟಲಿ ಮಾಡಿದ್ವಿ. ಒಂದ ಕೆಟ್ರ ಅದನ್ನಷ್ಟ ಒಗದ ಹೊಸಾದ ಮಾಡಿದ್ರಾತು.

ನಾಲ್ಕನೇದು ಚಿತ್ರ ಕಪ್ಪಾಗೋದು, ಇಲ್ಲಾ ಅಡ್ಡಾದಿಡ್ಡಿ ಬಣ್ಣಾ ಬರೋದು. ಕ್ರಾಸ್‌ಓವರ್‌ದಾಗ ಚಿತ್ರದ ದುಭಾಷಿ ಬದಲಿ ಮಾಡಲಿಕ್ಕೆ ಬರ್ತದ: ಡಿ3ಡಿಮೆಟಲ್ ಬಿಟ್ಟ ಡಿಎಕ್ಸ್‌ವಿಕೆ ಹಾಕಬಹುದು, ಇಲ್ಲಾ ವೈನಿನ ಸ್ವಂತದ್ದು. ಒಂದ ಆಟಕ್ಕ ಒಂದ ಹೊಂದತದ. ಆದ್ರ ಒಂದ ಸರ್ತಿಗೆ ಒಂದ ಬದಲಿ ಮಾಡ್ರಿ, ಮಾಡಿದ್ದನ್ನ ಒಂದ ಹಾಳ್ಯಾಗ ಬರೀರಿ. ನಮ್ಮ ಹುಡುಗ ಒಮ್ಮೆಲೆ ಐದ ಬದಲಿ ಮಾಡಿ 'ಅಮ್ಮಾ ಆತು!' ಅಂದಾ. ಯಾವುದರಿಂದ ಆತು ಅಂತ ಗೊತ್ತಿಲ್ಲ. ಮುಂದಿನ ವಾರ ಕೆಟ್ಟಾಗ ಮತ್ತ ಮೊದಲಿಂದ. ಆವತ್ತಿಂದ ಕಿರಾಣಿ ಲೆಕ್ಕದ ವಹಿ ಹಿಂದ ನಾನ ಬರ್ಕೊಳ್ಳಿಕ್ಕೆ ಹತ್ತಿದೆ. ಇನ್ನೊಂದು, ಹೊಸಾ ಜಗಾಕ್ಕ ಹೋದಾಗೊಮ್ಮೆ ಆಟ ತಡವರಸತಿತ್ತು. ಅದು ರೋಗ ಅಲ್ಲ. ಶೇಡರ್ ಅಂತಾರ, ಬೆಳಕು-ನೆರಳಿನ ಲೆಕ್ಕಾ, ಅದನ್ನ ಮೊದಲನೇ ಸರ್ತಿ ತಯಾರ ಮಾಡ್ಕೋತದ. ಅರ್ಧಾ ತಾಸ ಸುಮ್ಮನ ಆಡಿದ್ರ ತಾನ ಸರಳ ಆಗ್ತದ.

ಐದನೇದು ಕೇಳಿದ್ರ ನಗ್ತೀರಿ. ಯುದ್ಧದ ನಡುವ ಪರದಾನ ಪಕ್ಕಕ್ಕ ಸರದ ಹೋಗಿ ಕಾಲೇಜಿನ ಕೆಲಸ ಕಾಣತಿತ್ತು. ವೈರಸ್ ಬಂತು ಅಂತ ಅಂಜಿದ್ವಿ. ಕಂಟ್ರೋಲ್ ಕೀ ಜೋಡಿ ಬಾಣದ ಕೀ ಒತ್ತಿದ್ರ ಮ್ಯಾಕ್ ಒಂದ ಡೆಸ್ಕ್‌ಟಾಪಿಂದ ಇನ್ನೊಂದಕ್ಕ ಜಿಗೀತದ, ಅದರ ರೂಢಿನ ಹಂಗ. ಆಟದಾಗೂ ಅವ ಕೀ. ಮ್ಯಾಕಿನ ಕೀಬೋರ್ಡ್ ಸೆಟ್ಟಿಂಗಿನ್ಯಾಗ ಅದನ್ನ ಬಂದ್ ಮಾಡಿದ್ವಿ, ವೈರಸ್ ಹೋತು.

ಆರನೇದು ಧ್ವನಿ. ಇವನ ಮಾತ ಅಣ್ಣಂಗ ಕೇಳಸವಲ್ತು. ನಂಗ ಎಲ್ಲಾಕಿಂತ ಬೇಕಾದದ್ದ ಅದು! ಮ್ಯಾಕಿನ ಪ್ರೈವಸಿ ಸೆಟ್ಟಿಂಗಿನ್ಯಾಗ ಮೈಕ್ರೋಫೋನ್ ಅಂತ ಒಂದ ಪಟ್ಟಿ ಅದ. ಅಲ್ಲೆ ಕ್ರಾಸ್‌ಓವರಿಗೆ ಪರವಾನಗಿ ಕೊಟ್ಟಿರಲಿಲ್ಲ. ಆಟದಾಗ ಎಷ್ಟ ತಿರುವಿದ್ರೂ ಏನ್ ಬಂತು, ತಡದದ್ದು ಮ್ಯಾಕ್. 2024ರ ಸೆಕೋಯಾ ಆವೃತ್ತಿಯಿಂದ ಲೋಕಲ್ ನೆಟ್‌ವರ್ಕಿಗೂ ಹಂಗ ಪರವಾನಗಿ ಕೇಳ್ತದ. ಒಂದ ಮನ್ಯಾಗ ಎರಡ ಲ್ಯಾಪ್‌ಟಾಪ್ ಕೂಡಿಸಿ ಆಡೋವಾಗ ಒಂದಕ್ಕೊಂದ ಕಾಣಲಿಲ್ಲಂದ್ರ ಅಲ್ಲೆ ನೋಡ್ರಿ.

ಏಳನೇದು, ಎಲ್ಲಾ ತಪ್ಪೂ ದುಭಾಷಿ ತಲಿಗೆ ಕಟ್ಟಬ್ಯಾಡ್ರಿ. ಪರದೆ ನಿಂತ ನಿಂತ ಹೋದ್ರ ಅದು ಲ್ಯಾಪ್‌ಟಾಪಿನ ತ್ರಾಸ. ರೆಟಿನಾ ಪರದ್ಯಾಗ ಚುಕ್ಕಿ ಭಾಳ, ಆಟದ ರೆಸಲ್ಯೂಷನ್ ಇಳಸ್ರಿ. ಮ್ಯಾಕ್‌ಬುಕ್ ಏರಿಗೆ ಫ್ಯಾನ್ ಇಲ್ಲ, ಕಾದ ಮ್ಯಾಲೆ ತಾನ ನಿಧಾನ ಆಗ್ತದ. ಅದನ್ನ ಹಾಸಿಗಿ ಮ್ಯಾಲೆ ಇಟ್ಕೊಂಡ ಆಡಬಾರದು. ಅದರ ಬದಲಿ ಪರದೆ ಛಲೋ ಇದ್ದು, ಮುಂದ ಹೋದ ಸೈನಿಕ ತಟ್ಟನೆ ಹಿಂದ ಬಂದ ನಿಂತ್ರ ಅದು ಇಂಟರ್ನೆಟ್ ತ್ರಾಸ. ನಮ್ಮ ರೌಟರ್ ಇದ್ದದ್ದು ದೇವರ ಕೋಲಿ ಆಚೆ ಕಡೆ, ನಡುವ ಎರಡ ಕಲ್ಲಿನ ಗ್ವಾಡಿ. ಒಂದ ಉದ್ದ ವೈರ್ ಎಳದ್ವಿ, ಮುಗೀತು.

ಇಷ್ಟೆಲ್ಲಾ ಓದಿ 'ಹಂಗಾದ್ರ ಬೆನ್ನ ಹತ್ತಿದ್ರ ಎಲ್ಲಾ ಆಗ್ತದ' ಅಂತ ನಿಮಗ ಅನಸಿರಬೇಕು. ನಂಗೂ ಅಲ್ಲೇ ಸೊಕ್ಕ ಬಂದದ್ದು.

ಯಾಕಂದ್ರ ಅವರಿಬ್ಬರೂ ಮೊದಲ ಆಡ್ತಿದ್ದ ಆಟ ಇದಲ್ಲ. ಅದು ಐದೈದ ಮಂದಿ ಗುಂಪ ಮಾಡ್ಕೊಂಡ ಆಡೋ ಬಂದೂಕಿನ ಆಟ. ಹೆಸರ ಬ್ಯಾಡ. ಅದಕ್ಕ ಒಂದ ಆ್ಯಂಟಿ-ಚೀಟ್ ಇತ್ತು, ಮೋಸ ಹಿಡಿಯೋ ಕಾವಲುಗಾರ. ಮೋಸಗಾರರು ಭಾಳ ಒಳಗ ಹೊಕ್ಕ ಕೂಡ್ತಾರಂತ ಈ ಕಾವಲುಗಾರನೂ ವಿಂಡೋಸ್‌ನ ಗರ್ಭಗುಡಿಯೊಳಗ, ಅಂದ್ರ ಕರ್ನೆಲ್‌ನ್ಯಾಗ, ಕೂಡ್ತೇನಿ ಅಂತಾನ. ವೈನಿನ್ಯಾಗ ವಿಂಡೋಸ್‌ನ ಆ ಗರ್ಭಗುಡಿನ ಇಲ್ಲ, ಬರೇ ಹೊರಗಿನ ಸಭಾಮಂಟಪ. ಕಾವಲುಗಾರ ಬಂದ ನೋಡ್ತಾನ, ಕೂಡ್ಲಿಕ್ಕೆ ಜಗಾ ಇಲ್ಲ, 'ಆಟ ಇಲ್ಲ' ಅಂತಾನ. ಇದರಾಗ ವೈನಿನ ತಪ್ಪಿಲ್ಲ, ಮ್ಯಾಕಿನ ತಪ್ಪೂ ಇಲ್ಲ. 2020ರಾಗ ಬಂದ ವ್ಯಾಲರಂಟ್ ಅನ್ನೋ ಆಟದ ವ್ಯಾನ್‌ಗಾರ್ಡ್ ಇಂಥಾದ್ದ.

ಪ್ಯಾರಲಲ್ಸ್ ಹಾಕಿ ಖರೇ ವಿಂಡೋಸ್ ಇಳಿಸಿದ್ರ? ಹೊಸಾ ಮ್ಯಾಕಿನ್ಯಾಗ ಅದು ನಡಸೋದು ಆರ್ಮ್ ಚಿಪ್ಪಿನ ವಿಂಡೋಸ್. ಇಂಟೆಲ್ ನಮೂನಿಗೆ ಬರದ ಕರ್ನೆಲ್ ಡ್ರೈವರ್ ಅಲ್ಲೆ ಹತ್ತಂಗಿಲ್ಲ. ಮತ್ತ ಒಂದರೊಳಗೊಂದ ಗಣಕ ಕಂಡ್ರ ಭಾಳಷ್ಟ ಕಾವಲುಗಾರರು ಒಪ್ಪಂಗಿಲ್ಲ. ಹಳೆ ಇಂಟೆಲ್ ಮ್ಯಾಕಿನ್ಯಾಗ ಬೂಟ್ ಕ್ಯಾಂಪ್ ಇತ್ತು, ಈಗಿನ ಚಿಪ್ಪಿಗೆ ಅದಿಲ್ಲ. ಈ ಕೀಲಿ ಆಟ ಮಾಡಿದವರ ಕೈಯಾಗ ಅಷ್ಟ ಇರ್ತದ. ಲಿನಕ್ಸ್ ಕಡೆ ನೋಡ್ರಿ: ಈಸಿ ಆ್ಯಂಟಿ-ಚೀಟ್, ಬ್ಯಾಟಲ್‌ಐ ಇವೆರಡೂ 2021ರಿಂದ ಅಲ್ಲಿಯ ಪ್ರೋಟಾನಿಗೆ ಹೊಂದಿಕೊಳ್ಳೋ ದಾರಿ ಇಟ್ಟಾವ. ಆದ್ರೂ ಆಟದವರು ಮನಸ್ಸ ಮಾಡಿ ಬಾಗ್ಲಾ ತಗದ್ರ ಅಷ್ಟ ಅದು ನಡೀತದ. ಆಡೋರು ಎಷ್ಟ ಜಾಣ ಇದ್ರೂ ಅಷ್ಟ.

ಇದೆಲ್ಲಾ ನಾ ಈಗ ಹೇಳ್ಲಿಕ್ಕೆ ಹತ್ತೇನಿ. ಆವಾಗ ಗೊತ್ತಿರಲಿಲ್ಲ, ಗೊತ್ತ ಮಾಡ್ಕೊಳ್ಳೋ ಮನಸ್ಸೂ ಇರಲಿಲ್ಲ. ಮೂರ ಶನಿವಾರ ಹೋದ್ವು. ಮಗಾ 'ಸಾಕ್ ಬಿಡಮ್ಮಾ' ಅಂದ್ರೂ ನಾ ಕೇಳ್ಲಿಲ್ಲ. ನಾನ ಹುಡುಕಿ ಒಂದ ವಿಡಿಯೋ ತೋರ್ಸಿದೆ. ಒಂದ ಫೈಲ್ ಬದಲಿ ಮಾಡಿದ್ರ ಕಾವಲುಗಾರ ಇದ್ದಾನ ಅಂತ ಆಟ ನಂಬತದಂತ. 'ಇನ್ನೊಂದ ಸರ್ತಿ ನೋಡೋಣು' ಅಂದೆ. ಮಾಡಿದ್ವಿ. ಆಟ ತಗೀತು! ಅಣ್ಣಾ-ತಮ್ಮಾ ಒಂದ ಆಟ ಆಡಿದ್ರು, ಒದರ್ಯಾಡಿದ್ರು, ನಾ ಚಹಾ ಮಾಡಿಕೊಟ್ಟೆ.

ಮುಂಜಾನೆ ಎದ್ದ ನೋಡಿದ್ರ ಖಾತೆ ಕಾಯಂ ಬಂದ್. ನಾಲ್ಕ ವರ್ಷದ ಖಾತೆ. ಅದರಾಗ ಅಣ್ಣಾ ತನ್ನ ಮೊದಲನೇ ಸ್ಟೈಪೆಂಡಿನ್ಯಾಗ ಕೊಡಿಸಿದ ಒಂದ ಬಂದೂಕಿನ ಅಲಂಕಾರ ಇತ್ತಂತ, ಅದೂ ಹೋತು. ಅರ್ಜಿ ಹಾಕಿದ್ವಿ, 'ನಿಯಮಾ ಮುರದೀರಿ' ಅಂತ ಉತ್ತರ ಬಂತು. ಸಿಟ್ಟ ಬಂತು, ಆದ್ರ ಖರೇ ಹೇಳ್ಬೇಕಂದ್ರ ಅವರು ಹೇಳಿದ್ದು ಸುಳ್ಳಲ್ಲ. ಕಾವಲುಗಾರಂಗ ಮೋಸ ಮಾಡಿದ್ವಿ. ನಮ್ಮ ಉದ್ದೇಶ ಆಟ ಆಡೋದಷ್ಟ ಅಂತ ಅವಂಗ ಹೆಂಗ ಗೊತ್ತಾಗಬೇಕು?

ಮಗಾ ನಂಗ ಒಂದ ಮಾತ ಬೈಲಿಲ್ಲ. ಅಣ್ಣಗೂ ಹೇಳ್ಲಿಲ್ಲ. ಎರಡ ಶನಿವಾರ 'ಪರೀಕ್ಷಾ ಅದ' ಅಂತ ಸುಳ್ಳ ಹೇಳಿ ಹೆಡ್‌ಫೋನ್ ಮುಟ್ಟಲಿಲ್ಲ. ಮನಿ ಅಷ್ಟ ಶಾಂತ ಇದ್ದದ್ದು ನಾ ಎಂದೂ ನೋಡಿರಲಿಲ್ಲ. ಆಟ ಆಡಸಲಿಕ್ಕೆ ಅಂತ ನಾ ಮಾಡಿದ್ದು, ಮಾತ ನಿಂತ ಹೋಗಲಿಕ್ಕೆ ಕಾರಣ ಆತು. ಕಡಿಕ್ಕ ದೊಡ್ಡಾಂವಂಗ ನಾನ ಫೋನ್ ಹಚ್ಚಿ ಹೇಳಿದೆ. ಆಂವ ಸ್ವಲ್ಪೊತ್ತ ಸುಮ್ಮನಿದ್ದಾ. 'ಅಮ್ಮಾ, ಮೊದಲನೇ ದಿನಾನ ನಡ್ಯಂಗಿಲ್ಲ ಅಂದಿದ್ರ ನಾವು ಬ್ಯಾರೆ ಆಟ ಹಿಡೀತಿದ್ವೆಲ್ಲಾ' ಅಂದಾ. ಅಷ್ಟ.

ಆ 'ಅಷ್ಟ' ನಂಗ ಇನ್ನೂ ಚುಚ್ಚತದ. ಅವರಿಗೆ ಬೇಕಾಗಿದ್ದದ್ದು ಆ ಆಟ ಅಲ್ಲ, ಶನಿವಾರ. ನಾ ಆಟಕ್ಕ ಜೋತ ಬಿದ್ದೆ.

ನಮ್ಮ ಮನಿಯವರದು ಬ್ಯಾರೆನ ವಾದ. 'ಮ್ಯಾಕ್ ಇರೋದು ಓದಲಿಕ್ಕೆ, ಆಟ ಬೇಕಂದ್ರ ಅರವತ್ತ ಸಾವಿರ ಕೊಟ್ಟ ವಿಂಡೋಸ್ ತರ್ರಿ, ಇಲ್ಲಾ ಬಿಡ್ರಿ' ಅಂತಾರ. ಆ ಒಂದ ಆಟನ ಬೇಕಂದ್ರ ಅವರ ಮಾತ ಖರೇನ. ಮನ್ಯಾಗ ಇನ್ನೊಂದ ವಿಂಡೋಸ್ ಇದ್ರ ಆಟ ಅದರ ಮ್ಯಾಲೆ ನಡೀತದ, ಸ್ಟೀಮ್ ಲಿಂಕ್ ಇಲ್ಲಾ ಮೂನ್‌ಲೈಟ್ ಹಾಕಿ ಪರದಿ ಅಷ್ಟ ಮ್ಯಾಕಿಗೆ ತರಬಹುದು. ಆದ್ರ ಎಲ್ಲಾ ಆಟಕ್ಕೂ ಆ ಮಾತ ಹೊಂದಂಗಿಲ್ಲ. ಕೀಲಿ ಇಲ್ಲದ ಎಷ್ಟೋ ಆಟ ಒಂದ ದಿನದ ತಾಳ್ಮಿಗೆ ತಗೀತಾವ. ಕೆಲವು ಸೀದಾ ಮ್ಯಾಕಿಗೇ ಬಂದಿರ್ತಾವ. ಡೋಟಾ 2, ವರ್ಲ್ಡ್ ಆಫ್ ವಾರ್‌ಕ್ರಾಫ್ಟ್, ಸ್ಟಾರ್‌ಡ್ಯೂ ವ್ಯಾಲಿ ಇವಕ್ಕ ವೈನ್ ಬೇಕಾಗಿಲ್ಲ. ಅದನ್ನ ನೋಡದನ ಹೊರಟವರು ನಾವು.

ಮಗ್ಗಲ ಮನ್ಯಾಗಿನ ಹುಡುಗಂದು ಇನ್ನೊಂದ ವಾದ: 'ಆಂಟಿ, ಎಲ್ಲಾದಕ್ಕೂ ಒಂದ ಜುಗಾಡ್ ಇದ್ದ ಇರ್ತದ್ರಿ.' ಇರ್ತದಪಾ. ಆದ್ರ ಜುಗಾಡ್ ಮಾಡೋದು ಯಾರು, ಖಾತೆ ಹೋಗೋದು ಯಾರ್ದು ಅನ್ನೋದನ್ನೂ ಕೇಳಬೇಕಲ್ಲಾ. ವಿಡಿಯೋ ಮಾಡಿದವನ ಖಾತೆ ಹೋಗಿರಂಗಿಲ್ಲ.

ಅದಕ್ಕ ಈಗ ನಮ್ಮನ್ಯಾಗ ಒಂದ ಕ್ರಮಾ ಮಾಡ್ಕೊಂಡೇವಿ. ಮೊದಲ, ಆಟ ಮ್ಯಾಕಿಗೆ ಬಂದದ ಏನು ನೋಡೋದು. ಇಲ್ಲಂದ್ರ, ಕಾವಲುಗಾರ ಎಂಥಾಂವ ಅಂತ ಆಟದವರ ಪುಟದಾಗನ ಓದೋದು. ಕರ್ನೆಲ್ ಅಂತ ಇದ್ರ ಅಲ್ಲಿಗೆ ಬಿಡೋದು. ಆಮ್ಯಾಲೆ ಕೋಡ್‌ವೀವರ್ಸ್‌ನವರ ಪಟ್ಟ್ಯಾಗ ಆ ಆಟದ ಹೆಸರಿನ ಮುಂದ ಏನ ಬರದಾರ ನೋಡೋದು. ಅಲ್ಲೆ ನಡೀತದ ಅಂತ ಇದ್ರ ಅಷ್ಟ ಕೈ ಹಚ್ಚೋದು, ಅದೂ ಎರಡ ಸಂಜಿ. ಮೂರನೇ ಸಂಜಿ ಇಲ್ಲ. ಆಟ ಕೊಳ್ಳೋಕಿಂತ ಮೊದಲನ ರೊಕ್ಕಾ ವಾಪಸ್ ಕೊಡೋ ನಿಯಮಾ ಓದೋದೂ ಆತು. ಸ್ಟೀಮಿನ್ಯಾಗ ಕೊಂಡು ಹದಿನಾಲ್ಕ ದಿವಸದೊಳಗ, ಎರಡ ತಾಸಿಗಿಂತ ಕಡಿಮಿ ಆಡಿದ್ರ ವಾಪಸ್ ಕೇಳ್ಲಿಕ್ಕೆ ಬರ್ತದ.

ಇನ್ನೊಂದ ಮಾತ, ಇಂದ ನಡೆದದ್ದು ನಾಳೆ ನಡೀತದ ಅಂತ ತಿಳೀಬ್ಯಾಡ್ರಿ. ವಿಸ್ಕಿ ಅಂತ ಒಂದ ಬಿಟ್ಟಿ ಸಿಗೋ ಸಲಕರಣಿ ಇತ್ತು, ಭಾಳ ಚಂದ ಇತ್ತು, ಅದರ ಕೆಲಸ 2025ರಾಗ ನಿಂತ ಹೋತು. ರೊಸೆಟ್ಟಾನೂ ಪೂರ್ತಿ ಇರೋದು ಮ್ಯಾಕ್‌ಓಎಸ್ 27ರ ತನಕ, ಆಮ್ಯಾಲೆ ಕೆಲವು ಹಳೆ ಆಟಗಳ ಸಲುವಾಗಿ ಸ್ವಲ್ಪ ಭಾಗ ಇಡ್ತೇವಿ ಅಂತ ಆ್ಯಪಲ್‌ನವರು 2025ರಾಗನ ಹೇಳ್ಯಾರ. ಅದಕ್ಕ ಕ್ರಾಸ್‌ಓವರಿಗೆ ರೊಕ್ಕಾ ಕೊಟ್ಟದ್ದಕ್ಕ ನಂಗ ಬ್ಯಾಸರಿಲ್ಲ. ಹದಿನಾಲ್ಕ ದಿವಸ ಪುಕ್ಕಟೆ ನೋಡ್ಲಿಕ್ಕೆ ಕೊಡ್ತಾರ, ನೋಡಿ, ನಡದ ಮ್ಯಾಲೆನ ಕೊಟ್ಟೆ. ಬಾಗ್ಲಾ ಸರಿಮಾಡೋ ಬಡಿಗ್ಯಾಗೂ ಪಗಾರ ಬೇಕಲ್ಲಾ.

ಇದನ್ನ ಬರಿಯೋವಾಗ ಶನಿವಾರ ಸಂಜಿ ಏಳಾಗೇದ. ಮ್ಯಾಕ್ ಪರದ್ಯಾಗ 'ಹೊಸಾ ಅಪ್‌ಡೇಟ್ ಬಂದದ, ಈಗ ಹಾಕಲೇನು' ಅಂತ ಕೇಳ್ಲಿಕ್ಕೆ ಹತ್ತೇದ. ಸಣ್ಣಾಂವ ಭಕ್ರಿ ತಿನ್ಕೋತ ಒಳಗಿಂದನ ಒದರಿದಾ, 'ಅಮ್ಮಾ, ಮುಟ್ಟಬ್ಯಾಡ!' ನಾಳೆ ಅಂತ ಒತ್ತೇನಿ.